ಎರಡು ಪೆಟ್ಟಿನ ಜಾಗ

ಅವನು ನನ್ನ ಮನೆಗೆ ಬಂದದ್ದು ಯುಗಾದಿ ಮುಗಿದ ವಾರ, ಬೆಳಿಗ್ಗೆ ಹತ್ತರ ಸುಮಾರಿಗೆ. ಚಿತ್ತಾಪುರದಲ್ಲಿ ಆ ಹೊತ್ತಿಗೇ ಅಂಗಳದ ಕಲ್ಲು ಕಾಯ್ದಿರುತ್ತದೆ. ನಲವತ್ತೇಳರ ಗಂಡಸು, ಗಡ್ಡ ಅರ್ಧ ಬೆಳ್ಳಗಾಗಿದೆ. ಕಂಕುಳಲ್ಲಿ ಗೆರೆ ಎಳೆದ ನೋಟ್‌ಬುಕ್ಕು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ.

“ಟೀಚರ್, ಮತ್ತ ತಪ್ಪು ತಿದ್ದಿಸ್ಕೊಳ್ಳಾಕ ಬಂದೀನಿ.”

“ಇಪ್ಪತ್ತು ವರ್ಷ ತಪ್ಪೇ ಮಾಡ್ಲಿಲ್ಲೇನು?”

“ಮಾಡೀನ್ರಿ. ಬರದಿಲ್ಲ ಅಷ್ಟೆ.”

ಅವನು ನನ್ನ ವಿದ್ಯಾರ್ಥಿ. ಶಹಾಬಾದ್ ಮತ್ತು ವಾಡಿಯ ನಡುವಿನ ಒಂದು ಹಳ್ಳಿಯಲ್ಲಿ, ಒಂದನೆಯ ತರಗತಿಯಿಂದ ಹತ್ತರವರೆಗೆ ಒಂದೇ ಕಟ್ಟಡದಲ್ಲಿ ನಡೆಯುತ್ತಿದ್ದ ಶಾಲೆಯಲ್ಲಿ, ನಾನು ಕನ್ನಡ ಹೇಳಿಕೊಡುತ್ತಿದ್ದೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರ ಹೆಸರನ್ನೂ ಬರೆಯುವುದಿಲ್ಲ. ಒಂದು ಹೆಸರನ್ನು ಒಮ್ಮೆ ಬರೆದದ್ದೇ ಈ ಬರಹಕ್ಕೆ ಕಾರಣ.

ಅವನು ರ‍್ಯಾಪ್ ಹಾಡುವವನು. ನಮ್ಮ ಭಾಗದಲ್ಲಿ ಆ ಪದವೇ ಗೊತ್ತಿಲ್ಲದ ಕಾಲದಲ್ಲಿ, ವಾಡಿ ಸ್ಟೇಷನ್ನಿನ ಹೊರಗಿನ ಅಂಗಡಿಯಲ್ಲಿ ಸಿಕ್ಕ ಒಂದೆರಡು ಅಮೆರಿಕದ ಕ್ಯಾಸೆಟ್ಟುಗಳನ್ನು ಕೇಳಿ ಕಲಿತವನು. ಮಾತು ಅರ್ಥವಾಗುತ್ತಿರಲಿಲ್ಲವಂತೆ, ಪೆಟ್ಟು ಅರ್ಥವಾಯಿತು ಎನ್ನುತ್ತಿದ್ದ. ಎರಡು ಕ್ಯಾಸೆಟ್ಟಿನ ಡೆಕ್ಕಿನಲ್ಲಿ ಮೊಹರಂ ಹಲಗೆಯ ನಾಲ್ಕು ಪೆಟ್ಟು, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಮೇಲೆ ಉಳಿ ಬೀಳುವ ಸದ್ದು ಇಷ್ಟನ್ನೇ ಮತ್ತೆ ಮತ್ತೆ ತಿರುಗಿಸಿ, ತಡೆದು, ಒತ್ತಿ, ಮೂರು ನಿಮಿಷದ ತಾಳ ಮಾಡುತ್ತಿದ್ದ. ಅದರ ಮೇಲೆ ತನ್ನ ಮಾತು ಕೂರಿಸುತ್ತಿದ್ದ. ಹಳೆಯ ಹಿಪ್‌ಹಾಪ್ ಎಂದರೆ ಇದೇ ಎಂದು ಆಮೇಲೆ ತಿಳಿಯಿತು: ಕೈಯಲ್ಲಿದ್ದ ಸದ್ದಿನಿಂದ ತಾಳ, ಇದ್ದ ಊರಿನ ಮಾತು. ಸಾಲಿನ ಕೊನೆಯ ಪ್ರಾಸ ಅವನೇ ಕಲಿತದ್ದು. ಸಾಲಿನ ಮೊದಲಲ್ಲಿ ಎರಡನೆಯ ಅಕ್ಷರ ಹೊಂದಿಸುವ ನಮ್ಮ ಪ್ರಾಸ ನಾನು ತರಗತಿಯಲ್ಲಿ ಹೇಳಿದ್ದು. ಅವನು ಎರಡನ್ನೂ ಸೇರಿಸಿದ. ನನಗೆ ಹೆಮ್ಮೆಯಾಗಿತ್ತು ಎಂಬುದನ್ನೂ ಬರೆಯಬೇಕು.

ಎರಡು ಕ್ಯಾಸೆಟ್ ಹೊರತಂದು ಹಾಡುವುದನ್ನೇ ಬಿಟ್ಟಿದ್ದ. ಆಮೇಲೆ ಸಿಮೆಂಟ್ ಲಾರಿ ಓಡಿಸಿದ. ಈಗ ಮತ್ತೆ ಎಂಟು ಹಾಡಿನ ಆಲ್ಬಮ್, ಅದೇ ಹಳೆಯ ರೀತಿಯಲ್ಲಿ ಎಂದು ಹೇಳಿದ. ನೋಟ್‌ಬುಕ್ಕನ್ನು ನನ್ನ ಮುಂದಿಟ್ಟ. ಏಳು ಹಾಡು ಹೊಸವು. ಎಂಟನೆಯದನ್ನು ನೋಡಿ ನಾನು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡೆ.

“ಇದು ಬೇಕೇನು?”

“ಇದಿಲ್ದ ಯಾರೂ ಕೇಳಂಗಿಲ್ರಿ ಟೀಚರ್. ನಾ ಅಂದ್ರ ಇದೇ ಹಾಡು. ಸೇಡಂದಾಗ ಈಗ್ಲೂ ಆಟೋದವ್ರು ಹಾಡ್ತಾರ.”

ಆ ಹಾಡಿನ ಹಿಂದಿನದನ್ನು ಹೇಳುತ್ತೇನೆ.

ಅವನ ಅಣ್ಣ ಊರ ಹೊರಗಿನ ಒಂದು ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದ. ಒಂದು ಬುಧವಾರ ಮಧ್ಯಾಹ್ನ ಗುಂಡಿಯ ಅಂಚು ಕುಸಿದು ಅಣ್ಣ ಅಡಿಯಲ್ಲಿ ಸಿಕ್ಕಿದ. ಜೊತೆಗಿದ್ದವನು ಇನ್ನೊಬ್ಬನೇ, ನಡುವಯಸ್ಸಿನ ಕೆಲಸಗಾರ. ಅವನು ಗುಂಡಿ ಹತ್ತಿ ಓಡಿದ್ದನ್ನು ದೂರದ ಗುಂಡಿಗಳವರು ಕಂಡರು. ಅವನು ತಿರುಗಿ ಬಂದದ್ದು ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಬೇರೆಯವರು ಕಲ್ಲೆತ್ತಿ, ಅಣ್ಣನನ್ನು ಟ್ರ್ಯಾಕ್ಟರಿನಲ್ಲಿ ಹಾಕಿ ಒಯ್ದಿದ್ದರು. ದಾರಿಯಲ್ಲೇ ಹೋದ.

ತಮ್ಮನಿಗೆ ಆಗ ಇಪ್ಪತ್ತೆರಡು. ಹದಿಮೂರು ದಿನ ಕಳೆಯುವುದರೊಳಗೆ ಹಾಡು ಬರೆದ.

ಕಲ್ಲಿನ ಕೆಳಗ ಕೈ ಇತ್ತು, ಕರೆದರ ಯಾರೂ ಬರಲಿಲ್ಲ
ಎಲ್ಲಿಗೆ ಓಡಿದಿ ಹೇಳಲೇ ನೀ, ತಿರುಗಿ ಸುದ್ದಾ ನೋಡಲಿಲ್ಲ

ಇದಾದ ಮೇಲೆ ಸಾಲು ನಿಂತು ತಾಳದ ಎರಡು ಪೆಟ್ಟು ಮಾತ್ರ ಬೀಳುತ್ತಿದ್ದವು. ಆ ಎರಡು ಪೆಟ್ಟಿನ ಜಾಗದಲ್ಲಿ ಅವನು ಓಡಿದವನಿಗೆ ಒಂದು ಹೆಸರಿಟ್ಟು ಕೂಗುತ್ತಿದ್ದ. ಓಡುವುದಕ್ಕೇ ಹೆಸರಾದ ಒಂದು ಸಣ್ಣ ಪ್ರಾಣಿಯ ಹೆಸರು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಎಲ್ಲ ಕಡೆ ಚಹದಂಗಡಿಗಳಲ್ಲಿ ಕ್ಯಾಸೆಟ್ ತಿರುಗಿತು. ಆ ಜಾಗ ಬಂದಾಗ ಕುಡಿಯುತ್ತಿದ್ದವರು ಕಪ್ಪು ಕೆಳಗಿಟ್ಟು ಕೂಗುತ್ತಿದ್ದರು.

ನಮ್ಮ ಕಡೆ ಅಡ್ಡಹೆಸರು ಹೇಗೆ ಹುಟ್ಟುತ್ತದೆ ಎಂದು ಗೊತ್ತಿರುವವರಿಗೆ ಮುಂದಿನದು ಆಶ್ಚರ್ಯವಲ್ಲ. ಯಾರದೋ ಮುತ್ತಜ್ಜ ಉಪ್ಪು ಮಾರಿದ, ಯಾರದೋ ಅಜ್ಜ ಕುಂಟಿದ, ಅದೇ ಮನೆತನದ ಹೆಸರಾಗಿ ಮೊಮ್ಮಕ್ಕಳ ಅಂಕಪಟ್ಟಿಯವರೆಗೆ ಬರುತ್ತದೆ. ಮುಂದೆ ಕೇಳುವವರಿಗೆ ಉಳ್ಳಾಗಡ್ಡಿ, ಮೆಣಸಿನಕಾಯಿ ಎಲ್ಲ ಬರೀ ಮನೆತನದ ಹೆಸರೇ. ಆದರೆ ಹೊಸ ಹೆಸರು ಅಂಟುವಾಗ ಬಿಸಿ ಇರುತ್ತದೆ. ಆ ಮನುಷ್ಯನ ಜೊತೆ ಯಾವ ಕೆಲಸಗಾರನೂ ಗುಂಡಿಗೆ ಇಳಿಯಲು ಒಪ್ಪಲಿಲ್ಲ. ಅವನು ಖಣಿ ಬಿಟ್ಟು, ಮನೆಯವರನ್ನು ಊರಲ್ಲೇ ಇರಿಸಿ, ಶಹಾಬಾದಿನ ಹಿಟ್ಟಿನ ಗಿರಣಿಯೊಂದರಲ್ಲಿ ಕೆಲಸಕ್ಕೆ ನಿಂತ.

ಎರಡು ವರ್ಷದ ನಂತರ ಜೂನ್ ತಿಂಗಳಲ್ಲಿ ಒಬ್ಬ ಮುದುಕಿ ಓಣಿಯ ಆರು ಮಕ್ಕಳನ್ನು ಸಾಲಾಗಿ ಕರೆದುಕೊಂಡು ಬಂದಳು, ಒಂದನೆಯ ತರಗತಿಗೆ. ದಾಖಲಾತಿ ಪುಸ್ತಕ ನನ್ನ ಮುಂದಿತ್ತು. ನಾಲ್ಕನೆಯ ಮಗು ಆ ಮನುಷ್ಯನ ಮಗಳು.

“ಮನೆತನದ ಹೆಸರೇನವ್ವಾ?” ಎಂದು ಕೇಳಿದೆ.

ಮುದುಕಿ ಯೋಚಿಸುತ್ತ ನಿಂತಳು. ಕಿಟಕಿಯ ಹೊರಗಿದ್ದ ದೊಡ್ಡ ತರಗತಿಯ ಮಕ್ಕಳು ಹಾಡಿನ ಧಾಟಿಯಲ್ಲೇ ಆ ಹೆಸರು ಕೂಗಿದರು. ಮುದುಕಿ ನಕ್ಕು, “ಹೂಂ, ಅದೇ ಬರಕೋರಿ,” ಎಂದಳು. ನಾನು ಬರೆದೆ. ಬರೆಯುವಾಗ ಹಾಡು ನೆನಪಿತ್ತೇ? ಇತ್ತು. ಹನ್ನೆರಡರೊಳಗೆ ಪುಸ್ತಕ ಮುಗಿಸಬೇಕಿತ್ತು, ಕೈ ನಿಲ್ಲಲಿಲ್ಲ. ಅಲ್ಲಿಂದ ಅದು ವರ್ಗಾವಣೆ ಪತ್ರಕ್ಕೆ, ಹತ್ತನೆಯ ತರಗತಿಯ ಅಂಕಪಟ್ಟಿಗೆ, ನರ್ಸಿಂಗ್ ಸರ್ಟಿಫಿಕೇಟಿಗೆ ಹೋಯಿತು.

ಆ ಮಗಳು ಈಗ ಚಿಂಚೋಳಿಯಲ್ಲಿ ನರ್ಸ್. ನೋಟ್‌ಬುಕ್ಕು ಬಂದ ಹತ್ತನೆಯ ದಿನಕ್ಕೆ ಅವಳೂ ನನ್ನ ಮನೆಗೆ ಬಂದಳು. ಯಾರೋ ಫೋನಿನಲ್ಲಿ ಅವಳಿಗೆ ಆಲ್ಬಮ್ಮಿನ ಸುದ್ದಿ ಕಳಿಸಿದ್ದರು: ಮೊದಲು ಸೇಡಂನಲ್ಲಿ ಕಾರ್ಯಕ್ರಮ, ಕೊನೆಗೆ ಚಿಂಚೋಳಿಯಲ್ಲಿ.

ಅವಳು ಕುರ್ಚಿಯ ತುದಿಯಲ್ಲಿ ಕುಳಿತಳು. ನೀರು ಮುಟ್ಟಲಿಲ್ಲ.

“ಚಿಂಚೋಳಿ ನಾನೇ ಕೇಳಿ ಹಾಕಿಸ್ಕೊಂಡೀನ್ರಿ ಟೀಚರ್. ಆ ಕ್ಯಾಸೆಟ್ ಅಲ್ಲಿ ಬಂದಿದ್ದಿಲ್ಲ. ನಾಕು ವರ್ಷ ಆತು, ಹೆಸರು ಕರದ್ರ ಯಾರೂ ನಗಂಗಿಲ್ಲ. ಅವರಿಗೆ ಅದು ಬರೇ ಒಂದು ಅಡ್ಡಹೆಸರು. ಈಗ ಅಲ್ಲಿ ಬಂದು ಇವ್ರು ಹಾಡಿದ್ರ ನಾ ಇನ್ನೆಲ್ಲಿ ಹೋಗ್ಲಿ?”

“ಹೆಸರು ಬದಲಿ ಮಾಡಿಸಬಹುದಲ್ಲ?”

“ಮಾಡಿಸ್ಬಹುದು. ಯಾಕ ಅಂತ ಕೇಳ್ತಾರಲ್ರಿ. ಎಲ್ಲಾ ಕಡಿ ಹೇಳ್ಬೇಕು.” ಆಮೇಲೆ, “ಅಪ್ಪ ಓಡಿಲ್ರಿ,” ಎಂದಳು.

“ನನಗ ಗೊತ್ತದ,” ಎಂದೆ.

ಅವಳು ನನ್ನ ಮುಖ ನೋಡಿದಳು. ಹೇಗೆ ಗೊತ್ತು ಎಂದು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು ಎಂದು ಈಗ ಅನಿಸುತ್ತದೆ.

ಮರುದಿನ ಅವನನ್ನು ಕರೆಸಿದೆ. ಆ ಬುಧವಾರ ಆ ಮನುಷ್ಯ ಓಡಿದ್ದು ಫೋನಿಗೆ ಎಂದು ಹೇಳಿದೆ. ಖಣಿಯ ಫೋನು ವಾರದಿಂದ ಸತ್ತಿತ್ತು. ಊರಲ್ಲಿ ಇನ್ನೊಂದು ಇದ್ದದ್ದು ನಮ್ಮ ಶಾಲೆಯಲ್ಲಿ. ಅವನು ಬರಿಗಾಲಲ್ಲಿ ಶಾಲೆಗೆ ಬಂದ, ನಾನು ಆಸ್ಪತ್ರೆಗೆ ಫೋನ್ ಹಚ್ಚಿಕೊಟ್ಟೆ, ಆಸ್ಪತ್ರೆಯ ಗಾಡಿಗೆ ದಾರಿ ತೋರಿಸಲು ಅವನು ಕೂಡುರಸ್ತೆಗೆ ಹೋಗಿ ನಿಂತ. ಗಾಡಿ ಬರುವುದರೊಳಗೆ ಟ್ರ್ಯಾಕ್ಟರ್ ಅಡ್ಡದಾರಿಯಲ್ಲಿ ಹೋಗಿತ್ತು. ಇಷ್ಟು ಹೇಳಿದೆ.

ಅವನು ನೋಟ್‌ಬುಕ್ಕಿನ ಮೂಲೆ ಮಡಚಿದ.

“ನೀವು ಆಗ್ಲೇ ಯಾಕ ಹೇಳ್ಲಿಲ್ರಿ?”

“ಹಾಡು ಬಂದುಬಿಟ್ಟಿತ್ತು,” ಎಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ನನ್ನನ್ನು ಮುಂದೆ ಕೇಳಲಿಲ್ಲ. ನಾನು ಅವನ ಟೀಚರ್.

ಹಾಡು ಕೈಬಿಡುವುದಿಲ್ಲ, ಅದು ಅಣ್ಣನದು ಎಂದ. ಹೆಸರು ಮಾತ್ರ ತೆಗೆಯುತ್ತೇನೆ ಎಂದ. ನನ್ನ ಎದುರಿಗೇ ಅದನ್ನು ಹೊಡೆದು ಹಾಕಿ, “ಅಲ್ಲಿ ಎರಡು ಪೆಟ್ಟು ಸುಮ್ನ ಬಿಡ್ತೀನ್ರಿ. ಖಾಲಿ,” ಎಂದ. ನನಗೆ ಅದು ಸರಿ ಎನಿಸಿತು. ನರ್ಸ್ ಮಗಳಿಗೆ ಫೋನ್ ಮಾಡಿ ಹೆಸರು ಬರುವುದಿಲ್ಲ ಎಂದು ಭರವಸೆ ಕೊಟ್ಟೆ. ಐವತ್ತು ವರ್ಷ ಹಾಡು ಕೇಳಿದ, ಮೂವತ್ತು ವರ್ಷ ಪದ್ಯ ಪಾಠ ಮಾಡಿದ ನನಗೆ ಹೊಳೆಯಬೇಕಿದ್ದ ಒಂದು ಸಂಗತಿ ಆಗ ಹೊಳೆಯಲಿಲ್ಲ.

ಸೇಡಂನ ಕಾರ್ಯಕ್ರಮ ಒಂದು ಭಾನುವಾರ ಮಧ್ಯಾಹ್ನ, ಮದುವೆ ಹಾಲಿನಲ್ಲಿ. ಅವಳು ರಜೆ ಹಾಕಿ ಬಂದಿದ್ದಳು. ತನ್ನ ಕಿವಿಯಿಂದಲೇ ಕೇಳಬೇಕು ಎಂದಳು. ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕುಳಿತೆವು. ಮುಂದೆ ಹೊಸ ಹುಡುಗ ಹುಡುಗಿಯರು, ಹಿಂದೆ ನಮ್ಮ ಸುತ್ತ ನಲವತ್ತು ದಾಟಿದವರು, ಕ್ಯಾಸೆಟ್ ಕಾಲದವರು. ಅವನು ಅಗಲವಾದ ಅಂಗಿ ಹಾಕಿದ್ದ, ಹಳೆಯ ಡೆಕ್ಕನ್ನು ಮೇಜಿನ ಮೇಲೆ ಇಟ್ಟಿದ್ದ. ಮೊದಲ ಮೂರು ಹಾಡಿಗೆ ಜನ ತಲೆದೂಗಿದರು. ಉಸಿರು ಮೊದಲಿನಂತೆ ಇರಲಿಲ್ಲ, ಸಾಲಿನ ಕೊನೆಯಲ್ಲಿ ಎಳೆದುಕೊಳ್ಳುತ್ತಿದ್ದ. ಮಾತು ಮಾತ್ರ ಇನ್ನಷ್ಟು ಸ್ಪಷ್ಟವಾಗಿತ್ತು.

ನಾಲ್ಕನೆಯದಕ್ಕೆ ಉಳಿಯ ಸದ್ದು ಶುರುವಾದೊಡನೆ ನಮ್ಮ ಪಕ್ಕದವನು ಎದ್ದು ನಿಂತ. “ಬಂತಲೇ ಅಸಲೀ ಮಾಲು!” ಎಂದ.

ಕಲ್ಲಿನ ಕೆಳಗ ಕೈ ಇತ್ತು ಎಂದು ಅವನು ಹಾಡಿದ. ನೋಡಲಿಲ್ಲ ಎಂದು ಮುಗಿಸಿ ಬಾಯಿ ಮುಚ್ಚಿದ. ಎರಡು ಪೆಟ್ಟು ಖಾಲಿ ಬಿದ್ದವು. ಹಾಲಿನ ಅರ್ಧ ಜನ ಒಂದೇ ಗಂಟಲಿನಿಂದ ಆ ಹೆಸರು ಕೂಗಿದರು.

ಕ್ಯಾಸೆಟ್ಟಿನಲ್ಲಿ ಅದನ್ನು ಕೂಗುತ್ತಿದ್ದವನು ಒಬ್ಬ. ಇಲ್ಲಿ ಇನ್ನೂರು ಜನ. ಎರಡನೆಯ ಸಲ ಆ ಜಾಗ ಬಂದಾಗ ಮುಂದಿನ ಸಾಲಿನ ಹೊಸಬರೂ ಕಲಿತಿದ್ದರು. ಅವನು ಕೈ ಮೇಲೆತ್ತಿ ಬೇಡ ಬೇಡ ಎಂದ. ಜೋರಾಗಿ ಕೂಗಿ ಎನ್ನುತ್ತಿದ್ದಾನೆ ಎಂದು ಅವರು ತಿಳಿದರು. ಅವನು ಡೆಕ್ಕಿನ ಗುಂಡಿ ಒತ್ತಿ ಹಾಡು ನಿಲ್ಲಿಸಿದ. “ನೀರು ಕುಡೀತೀನಿ,” ಎಂದು ಮೈಕಿನಲ್ಲಿ ಹೇಳಿ ಒಳಗೆ ಹೋದ.

ಅವಳು ಅಳಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು ಹೊರಗೆ ನಡೆದಳು, ನಾನೂ ಹಿಂದೆ ಹೋದೆ.

“ಖಾಲಿ ಬಿಟ್ರ ಜನಾ ತುಂಬ್ತಾರ್ರಿ ಟೀಚರ್,” ಎಂದಳು. ನನಗೆ ಹೊಳೆಯದಿದ್ದದ್ದು ಅದು.

ಅವನು ಹಿಂದಿನ ಬಾಗಿಲಿನಿಂದ ಹೊರಗೆ ಬಂದು ಅವಳ ಮುಂದೆ ನಿಂತ. ಅಲ್ಲಿಯವರೆಗೆ ಅವರಿಬ್ಬರೂ ಮಾತಾಡಿದವರಲ್ಲ.

“ತಂಗೀ, ಹಾಡೇ ತೆಗೀಲೇನು?”

“ತೆಗದ್ರ ಈ ಮಂದಿ ಹಳೇದು ಹಾಡ್ತಾರಣ್ಣ. ಏನರ ಹಾಕ್ರಿ ಅಲ್ಲಿ. ಜಾಗಾ ಬಿಡಬ್ಯಾಡ್ರಿ.”

“ಏನ್ ಹಾಕ್ಲಿ?”

“ಅಪ್ಪ ಎಲ್ಲಿ ಓಡಿದ್ದಾ ಅಂತ ಕೇಳೀರಲ್ಲ, ಅದಕ್ಕ ಜವಾಬು ಹಾಕ್ರಿ.” ಆಮೇಲೆ ನನ್ನ ಕಡೆ ತಿರುಗಿದಳು. “ನಮ್ಮ ಹೆಸರು ಬರಬಾರ್ದು. ಖರೇ ಹೇಳೂದಾದ್ರೂ ಹೆಸರು ಬರಬಾರ್ದು. ಚಿಂಚೋಳ್ಯಾಗ ಯಾರಿಗೂ ಗೊತ್ತಿಲ್ಲ, ಗೊತ್ತಾಗೂದೂ ಬ್ಯಾಡ.”

ಹೀಗೆ ನಾನು ರೆಕಾರ್ಡಿಂಗಿಗೆಂದು ವಾಡಿಗೆ ಹೋದೆ. ಅವನ ಗೆಳೆಯನೊಬ್ಬನ ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಗೋಡೆಗೆಲ್ಲ ಹಳೆಯ ಗಾದಿ ಹೊಡೆದಿದ್ದರು, ಕಿಟಕಿಗೆ ಕಂಬಳಿ. ಫ್ಯಾನಿನ ಸದ್ದು ಬರುತ್ತದೆಂದು ಅದನ್ನು ನಿಲ್ಲಿಸಿದ್ದರು. ಹಾಡಿನ ನಡುವೆ ತಾಳ ನಿಲ್ಲುತ್ತದೆ, ನಾನು ಕಂಡದ್ದನ್ನು ಮಾತಿನಲ್ಲಿ ಹೇಳಬೇಕು, ಆಮೇಲೆ ತಾಳ ಮುಂದುವರಿಯುತ್ತದೆ. ಹಳೆಯ ಆಲ್ಬಮ್ಮುಗಳಲ್ಲಿ ಹೀಗೆ ಯಾರಾದರೂ ನಡುವೆ ಮಾತಾಡುವುದುಂಟು ಎಂದ.

“ಪ್ರಾಸ ಬೇಕೇನು?”

“ಬ್ಯಾಡ್ರಿ. ತರಗತ್ಯಾಗ ಹೇಳ್ದಂಗ ಹೇಳ್ರಿ.”

ಅವಳು ಅಪ್ಪನನ್ನು ಶಹಾಬಾದಿನಿಂದ ಕರೆದುಕೊಂಡು ಬಂದಿದ್ದಳು. ಅರವತ್ತೈದರ ಮೇಲಿನವನು, ಕಣ್ಣಿನ ಆಪರೇಷನ್ನಾಗಿ ಕಪ್ಪು ಕನ್ನಡಕ. ಮೂಲೆಯ ಸ್ಟೂಲಿನಲ್ಲಿ ಕುಳಿತ. ಹಾಡುವವನು ಅವನ ಕಾಲು ಮುಟ್ಟಲು ಬಗ್ಗಿದಾಗ ಕಾಲು ಹಿಂದಕ್ಕೆಳೆದುಕೊಂಡ. “ಪೈಲೇ ಕೆಲಸ ಮಾಡ್ರಿ, ಇವೆಲ್ಲ ಆಮ್ಯಾಲ,” ಎಂದ.

ನಾನು ಹೇಳಿದೆ. ಬುಧವಾರ, ಮಧ್ಯಾಹ್ನದ ಊಟದ ಬಿಡುವು ಮುಗಿದಿತ್ತು. ಅವನು ಬರಿಗಾಲಲ್ಲಿ ಬಂದ. ಮೊಣಕಾಲು ತರಚಿತ್ತು. ನಾನು ಆಸ್ಪತ್ರೆಗೆ ಫೋನ್ ಹಚ್ಚಿಕೊಟ್ಟೆ. ಅವನು ಕೂಡುರಸ್ತೆಗೆ ಓಡಿದ. ಇಷ್ಟು ಹೇಳಿ ನಿಲ್ಲಿಸಿದೆ.

ಆಮೇಲೆ ಮೂಲೆಯಿಂದ ಆ ಮನುಷ್ಯ ಹೇಳಿದ.

“ಕೀಲಿ ಬಿಟ್ರಿ ಅಕ್ಕೋರ.”

ಈ ಬರಹದಲ್ಲಿಯೂ ನಾನು ಅದನ್ನು ಇಲ್ಲಿಯವರೆಗೆ ಬಿಟ್ಟಿದ್ದೇನೆ. ಶಾಲೆಯ ಫೋನು ಕಟ್ಟಿಗೆಯ ಪೆಟ್ಟಿಗೆಯೊಳಗೆ ಇರುತ್ತಿತ್ತು, ಪೆಟ್ಟಿಗೆಗೆ ಕೀಲಿ. ಹೊರಗಿನವರಿಗೆ ಫೋನ್ ಕೊಡಬಾರದು ಎಂದು ಮುಖ್ಯಗುರುಗಳ ಆಜ್ಞೆ. ಅವರು ಆ ದಿನ ಮೀಟಿಂಗಿಗೆ ಹೋಗಿದ್ದರು, ಕೀಲಿಕೈ ನನ್ನ ಕೈಯಲ್ಲಿ ಕೊಟ್ಟು. ಅವನು ಬಂದು ಕೈ ಮುಗಿದಾಗ ನಾನು, “ಸರ್ ಬರಲಿ, ಕೇಳಿ ಕೊಡ್ತೀನಿ,” ಎಂದೆ. ಕೀಲಿಕೈ ನನ್ನ ಹತ್ತಿರ ಇಲ್ಲ ಎಂದೂ ಹೇಳಿದೆ. ಅವನು ನೆಲಕ್ಕೆ ಕುಳಿತು ನನ್ನ ಮೇಜಿನ ಕಾಲು ಹಿಡಿದ. ಆಗ ಚೀಲ ತೆರೆದೆ.

ಹಾಡು ಬಂದಾಗ ನಾನು ಸುಮ್ಮನಿದ್ದದ್ದು ಇದಕ್ಕೆ. ಅವನು ಎಲ್ಲಿಗೆ ಓಡಿದ ಎಂದು ಹೇಳಹೊರಟರೆ, ಓಡಿ ಬಂದ ಮೇಲೆ ಏನಾಯಿತು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಆ ಮನುಷ್ಯ ತನ್ನ ಕಡೆಯದನ್ನು ಆ ಕಾಲದಲ್ಲೇ ಊರವರಿಗೆ ಹೇಳಿದ್ದನಂತೆ. ಕ್ಯಾಸೆಟ್ಟಿನ ಸದ್ದಿನ ಮುಂದೆ ಅದು ಯಾರಿಗೂ ಕೇಳಿಸಲಿಲ್ಲ.

ಹಾಡುವವನು ಕಿವಿಯ ಮೇಲಿನ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ಮತ್ತೆ ಹಾಕಿಕೊಂಡು, ನನ್ನ ಮುಖ ನೋಡದೆ, “ಹೇಳ್ರಿ ಟೀಚರ್,” ಎಂದ.

ಮೊದಲಿನಿಂದ ಹೇಳಿದೆ. ಕೀಲಿಕೈ ನನ್ನ ಚೀಲದಲ್ಲಿತ್ತು, ಇಲ್ಲ ಎಂದೆ ಎಂದು ಹೇಳುವಾಗ ಧ್ವನಿ ಒಡೆಯಿತು. ಆದರೂ ಮುಗಿಸಿದೆ.

“ಎಷ್ಟು ಹೊತ್ತು?” ಎಂದು ಕೇಳಿದ. ಅವನ ತಲೆ ಇನ್ನೂ ಕೆಳಗಿತ್ತು.

“ಹತ್ತು ನಿಮಿಷ. ಹನ್ನೆರಡೂ ಇರಬಹುದು.”

ಹತ್ತು ನಿಮಿಷ ಮೊದಲು ಗಾಡಿ ಬಂದಿದ್ದರೆ ಅವನ ಅಣ್ಣ ಉಳಿಯುತ್ತಿದ್ದನೇ ಎಂಬುದು ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅವನು ಯಂತ್ರದ ಪರದೆಯನ್ನು ನೋಡುತ್ತ ಕುಳಿತ. ನಾನು ಬೈಗುಳಕ್ಕಾಗಿ ಕಾಯುತ್ತಿದ್ದೆ.

“ಇನ್ನೊಮ್ಮೆ ಹೇಳ್ಬೇಕ್ರಿ,” ಎಂದ. “ಗೂಡ್ಸ್ ಗಾಡಿ ಹೊಂಟಿತ್ತು. ಸದ್ದು ಬಂದದ.”

ಎರಡನೆಯ ಸಲ ಧ್ವನಿ ಒಡೆಯಲಿಲ್ಲ. ಆಲ್ಬಮ್ಮಿನಲ್ಲಿರುವುದು ಅದೇ. ಮುಗಿದ ಮೇಲೆ ಮೂಲೆಯ ಮನುಷ್ಯ ತಲೆಯಾಡಿಸಿ, “ಮೂರು ಸಲ ಎಂಗೇಜ್ ಬಂದಿತ್ತು. ಅದು ಬಿಟ್ರಿ,” ಎಂದ. ಮತ್ತೆ ತಾನೇ, “ಇರ್ಲಿ ಬಿಡ್ರಿ. ಅದು ನಿಮ್ಮ ತಪ್ಪಲ್ಲ,” ಎಂದ.

“ಎಂಗೇಜ್ ಸದ್ದು ಹ್ಯಾಂಗಿತ್ತು ಕಾಕಾ?” ಎಂದು ಹಾಡುವವನು ಥಟ್ಟನೆ ಕೇಳಿದ.

“ಹ್ಯಾಂಗಿರ್ತದ? ಟೂಂ ಟೂಂ, ಟೂಂ ಟೂಂ.”

ಮಗಳು ಮೊದಲ ಸಲ ನಕ್ಕಳು.

ಅದಾಗಿ ಏಳು ವಾರ ಅವನು ನನ್ನ ಮನೆಗೆ ಬರಲಿಲ್ಲ, ಫೋನೂ ಇಲ್ಲ. ನಾನೂ ಮಾಡಲಿಲ್ಲ. ಎಂಟನೆಯ ವಾರ ನೋಟ್‌ಬುಕ್ಕು ಹಿಡಿದು ಬಂದ. ಬಾಗಿಲಲ್ಲಿ ನಿಂತು, “ಕಾಗುಣಿತ ನೋಡ್ರಿ,” ಎಂದಷ್ಟೇ ಹೇಳಿದ. ಎಂಟನೆಯ ಹಾಡಿನ ಕೊನೆಗೆ ಹೊಸ ಸಾಲುಗಳಿದ್ದವು.

ಕಲ್ಲಿನ ಕೆಳಗ ಕೈ ಇತ್ತು, ನಿನ್ನ ಕೈಯಾಗ ಫೋನಿತ್ತಲ್ಲ
ಎಲ್ಲಿಗೆ ಓಡಿದಿ ಅಂತ ಕೇಳಿದೆ, ಜವಾಬಿಗೆ ನಾ ನಿಲ್ಲಲಿಲ್ಲ

ತಪ್ಪಿರಲಿಲ್ಲ. ನಾನು ಯಾವುದನ್ನೂ ತಿದ್ದದೆ ಹಿಂದಿರುಗಿಸಿದೆ.

ಚಿಂಚೋಳಿಯಲ್ಲಿ ಸಂಜೆ ನಾಲ್ಕಕ್ಕೆ ಕಾರ್ಯಕ್ರಮ. ಅವಳು ಡ್ಯೂಟಿಯ ಬಿಳಿ ಬಟ್ಟೆಯಲ್ಲೇ ಬಂದು ಬಾಗಿಲ ಹತ್ತಿರ ನಿಂತಿದ್ದಳು, ಕುಳಿತುಕೊಳ್ಳಲಿಲ್ಲ. ಎರಡು ಪೆಟ್ಟಿನ ಜಾಗ ಬಂತು. ಡೆಕ್ಕಿನಿಂದ ಟೂಂ ಟೂಂ ಎಂದು ಹಳೆಯ ಫೋನಿನ ಎಂಗೇಜ್ ಸದ್ದು ಬಂತು, ಜೋರಾಗಿ, ತಾಳಕ್ಕೆ ಸರಿಯಾಗಿ. ಸೇಡಂ ಕಡೆಯಿಂದ ಬಂದಿದ್ದ ನಾಲ್ಕೈದು ಜನ ಹಳೆಯ ಹೆಸರು ಕೂಗಿದ್ದು ನನಗೆ ಕಂಡಿತು, ತುಟಿಗಳಲ್ಲಿ. ಕೇಳಿಸಲಿಲ್ಲ. ಚಿಂಚೋಳಿಯವರಿಗೆ ಕೂಗಲು ಗೊತ್ತಿದ್ದದ್ದು ಆ ಸದ್ದು ಒಂದೇ. ಮೂರನೆಯ ಸಲಕ್ಕೆ ಹಾಲೆಲ್ಲ ಟೂಂ ಟೂಂ ಎನ್ನುತ್ತಿತ್ತು. ನನ್ನ ಮಾತು ಬಂದಾಗ ಸುಮ್ಮನಾದರು. ಅದು ಮುಗಿಯುವ ಹೊತ್ತಿಗೆ ಬಾಗಿಲ ಹತ್ತಿರ ಅವಳಿರಲಿಲ್ಲ. ಡ್ಯೂಟಿಗೆ ಹೋಗಿದ್ದಳು. ಆ ಹೆಸರನ್ನು ಅವಳು ಬದಲಿಸಿಲ್ಲ. ಈಗ ಅದರ ಬಗ್ಗೆ ನಾವು ಮಾತಾಡುವುದೂ ಇಲ್ಲ.

ಆಲ್ಬಮ್ ಈಗ ಫೋನುಗಳಲ್ಲಿದೆ. ಆಟೋಗಳಲ್ಲಿ ಅದೇ ಎಂಟನೆಯ ಹಾಡು. ಚಿತ್ತಾಪುರದ ಬಸ್ ಸ್ಟ್ಯಾಂಡಿನ ಬಳಿ ನಿಂತರೆ ಕೀಲಿಕೈ ನನ್ನ ಚೀಲದಲ್ಲಿತ್ತು ಎಂದು ನನ್ನದೇ ಧ್ವನಿ ನನ್ನನ್ನು ದಾಟಿ ಹೋಗುತ್ತದೆ. ಹೋದ ತಿಂಗಳು ಕಾಯಿಪಲ್ಯದ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಮಾರುವವಳು ಪಕ್ಕದವಳಿಗೆ, “ಸರಿ ಅತ್ತಾಗ, ಕೀಲಿ ಟೀಚರ್ ಬಂದಾರ,” ಎಂದಳು. ಹೇಳಿ ನಾಲಿಗೆ ಕಚ್ಚಿಕೊಂಡಳು.

“ಅರ್ಧ ಕಿಲೋ ಹಾಕವ್ವಾ,” ಎಂದು ಚೀಲ ತೆರೆದು ಹಿಡಿದೆ.